ನಿನ್ನೆ 21 ತುಂಬಿತು

ನಿನ್ನೆ ಜೂನ್ 1. ಶುಭಾಶಯ ಕಳಿಸಿದವರಿಗೆಲ್ಲ ಥ್ಯಾಂಕ್ಸ್. ನಮ್ಮ ಕಲಬುರಗಿ ಕಡೆ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದ್ದು! ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ತಾರೀಖು ಅದು. ನನ್ನದೂ ಹಾಗೇ. ಆದರೆ ಸರ್ಕಾರದ ಲೆಕ್ಕಕ್ಕೆ ಅದೇ ನಿಜ. ಆ ತಾರೀಖಿಗೇ 18 ತುಂಬಿ ಬಾಲಮಂದಿರದಿಂದ ಹೊರಗೆ ಬಂದೆ. ಅದೇ ತಾರೀಖಿಗೆ 21 ತುಂಬಿತು, ಬಾಲಮಂದಿರ ಬಿಟ್ಟವರಿಗೆ ಕೊಡುವ ತಿಂಗಳ 4,000 ರೂಪಾಯಿ ಇನ್ನು ಬರುವುದಿಲ್ಲ. ಬೇಜಾರಿಲ್ಲ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಪಗಾರ ಇದೆ. ಎಂಎಸ್‌ಕೆ ಮಿಲ್ ರಸ್ತೆ ಹತ್ತಿರ ಒಂದು ಬಾಡಿಗೆ ರೂಮಿದೆ, ಕೀಲಿ ನನ್ನ ಜೇಬಿನಲ್ಲಿದೆ.

ಮನೆ ಯಾಕೆ ಬಿಟ್ಟೆ, ಬಾಲಮಂದಿರ ಹೇಗಿತ್ತು, ಅದೆಲ್ಲ ನಿಮಗೆ ಗೊತ್ತು. ಒಂದು ರಾತ್ರಿಯದ್ದು ಮಾತ್ರ ಯಾರಿಗೂ ಹೇಳಿಲ್ಲ.

ಸೋದರಮಾವ ಇಟ್ಟುಕೊಳ್ತಾನೆ ಅಂತ ಬರೆದುಕೊಟ್ಟು ಹೊರಗೆ ಬಂದಿದ್ದೆ. ಮೂರೇ ದಿನಕ್ಕೆ ಮಾವ ಫೋನ್ ಎತ್ತುವುದನ್ನೇ ಬಿಟ್ಟ. ಹಗಲೆಲ್ಲ ಸೂಪರ್ ಮಾರ್ಕೆಟ್ ಬಜಾರದಲ್ಲಿ ಸುಮ್ನೆ ಅಲೆಯುತ್ತಿದ್ದೆ. ಶರಣಬಸವೇಶ್ವರ ಗುಡಿಯ ದಾಸೋಹದಲ್ಲಿ ಉಣ್ಣುತ್ತಿದ್ದೆ. ರಾತ್ರಿ ಸ್ಟೇಷನ್ನಿನಲ್ಲಿ ಮಲಗುತ್ತಿದ್ದೆ. ಹನ್ನೊಂದನೇ ರಾತ್ರಿ ಮಲಗಲಿಲ್ಲ. ಪ್ಲಾಟ್‌ಫಾರ್ಮಿನ ಆ ತುದಿಗೆ, ದೀಪ ಇಲ್ಲದ ಕಡೆ ಹೋಗಿ ಕೂತೆ. ಯಾಕೆ ಅಂತ ಬರೆಯುವುದಿಲ್ಲ.

ಮಕ್ಕಳ ಸಹಾಯವಾಣಿ 1098ರ ಅಕ್ಕ ಬಂದದ್ದು ನನಗಾಗಿ ಅಲ್ಲ. ಮುಂಬೈ ಗಾಡಿಯಿಂದ ಇಳಿದಿದ್ದ ಇಬ್ಬರು ಸಣ್ಣ ಹುಡುಗರಿಗಾಗಿ. ಅದು ಮಕ್ಕಳ ನಂಬರು. ಸಿಕ್ಕ ಮಕ್ಕಳನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರೆದುಕೊಂಡು ಹೋಗಬೇಕು. ನಾನು ಮಗು ಅಲ್ಲದೆ ಹನ್ನೊಂದು ದಿನ ಆಗಿತ್ತು. ಅಕ್ಕ ನನ್ನ ಕಡೆ ಒಮ್ಮೆ ನೋಡಿದರು, ಹುಡುಗರ ಕೈ ಹಿಡಿದುಕೊಂಡು ಹೋದರು. ಹೋದರಲ್ಲ, ಅಂದುಕೊಂಡೆ.

ಮುಕ್ಕಾಲು ಗಂಟೆ ಬಿಟ್ಟು ವಾಪಸ್ ಬಂದರು. ಹುಡುಗರನ್ನು ಜೊತೆಯವರಿಗೆ ಒಪ್ಪಿಸಿ, ಒಬ್ಬರೇ.

ಏನೂ ಕೇಳಲಿಲ್ಲ. ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ. ರೊಟ್ಟಿ ಮುರಿದ ಸದ್ದಿಗೆ ಎರಡು ನಾಯಿ ಎದ್ದು ಬಂದವು. ನಾನು ಬಾಯಿಗೆ ಬಂದಂಗೆ ಬೈದೆ. "ನೀವೇನು ನಮ್ಮವ್ವ ಏನ್ರಿ?" ಅಂದೆ. "ಅಲ್ಲಪಾ. ನಿಮ್ಮವ್ವ ಆಗಿದ್ರ ಎರಡು ಬಡೀತಿದ್ದೆ. ಉಣ್ಣು" ಅಂದರು.

ರಾತ್ರಿಯೆಲ್ಲ ಗಾಡಿಗಳು ಬಂದವು, ಹೋದವು. ಒಂದೊಂದು ಗಾಡಿ ಬಂದಾಗಲೂ ಅಕ್ಕ ನನ್ನ ಅಂಗಿಯ ತುದಿ ಹಿಡಿದುಕೊಳ್ಳುತ್ತಿದ್ದರು. ಹೋದ ಮೇಲೆ ಮೆಲ್ಲಗೆ ಬಿಡುತ್ತಿದ್ದರು. ನನಗೆ ಗೊತ್ತಾಗಿಲ್ಲ ಅಂದುಕೊಂಡಿರಬೇಕು. ಗೊತ್ತಾಗಿತ್ತು ಅಕ್ಕಾ. ನಾಲ್ಕನೇ ಗಾಡಿಗೆ ಅಳು ಬಂತು, ಬೆಳಗಾಗುವ ತನಕ ನಿಲ್ಲಲಿಲ್ಲ. ಆಗಲೂ ನೀವು ಮಾತಾಡಲಿಲ್ಲ. ಮುಖಕ್ಕೆ ನೀರು ಹಾಕಿಕೊಳ್ಳಲಿಕ್ಕೆ ಹೋದೆ, ನಲ್ಲಿ ತನಕ ಹಿಂದೆಯೇ ಬಂದಿರಿ.

ಆಮೇಲಿನದ್ದು ಬರೀ ಕಾಗದದ ಕೆಲಸ. ಒಂದು ಕಚೇರಿಯಲ್ಲಿ ಮೂರು ಸಲ ಅರ್ಜಿ ತಿರುಗಿಸಿ ಕೊಟ್ಟರು, ವಿಳಾಸದ ಪುರಾವೆ ಇಲ್ಲ ಅಂತ. ಮನೆ ಇಲ್ಲದವನಿಗೆ ಕೊಡುವ ಸಹಾಯಕ್ಕೆ ಮನೆ ವಿಳಾಸ ಬೇಕು, ನೋಡಿ ಮತ್ತೆ! ಅರ್ಜಿ ಹಿಡಿದು ನನ್ನ ಜೊತೆ ಓಡಾಡಿದ ಸಮಿತಿಯ ಮೇಡಂ, ಐಟಿಐ ಸರ್, ಎರಡು ವರ್ಷ ಉದ್ರಿ ಬರೆದುಕೊಂಡ ಖಾನಾವಳಿ ಕಾಕಾ, ಅಂಗಡಿ ಮಾಲಕರು, ರೂಮಿಗೆ ಜಾಮೀನು ನಿಂತ ಗೆಳೆಯರು, ಎಲ್ಲರಿಗೂ ಶರಣು.

ಅಕ್ಕನಿಗೆ ಆ ರಾತ್ರಿ ನಾನು ಕೆಲಸದ ಲೆಕ್ಕದಲ್ಲಿ ಇರಲೇ ಇಲ್ಲ. ಮೂರು ವರ್ಷದಿಂದ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಅದೊಂದೇ.

ನಿನ್ನೆ ಫೋನ್ ಮಾಡಿದೆ. ಮನೆಯ ಫ್ಯಾನು ಗರಗರ ಅಂತ ನಿಂತೇ ಬಿಟ್ಟಿದೆಯಂತೆ, ಈ ಸೆಕೆಯಲ್ಲಿ. ಭಾನುವಾರ ಹೋಗಿ ಬಿಚ್ಚಿಕೊಂಡು ಬರುತ್ತೇನೆ. ರೊಕ್ಕ ತಗೊಳ್ಳಲೇಬೇಕು ಅಂತ ಈಗಲೇ ಜಗಳ ತೆಗೆದಿದ್ದಾರೆ.