ಕಾರವಾರದ ಆಸ್ಪತ್ರೆಯಲ್ಲಿ ನೆರವಾದ ಆ ಸಹೋದರಿಗೆ

ಹುಟ್ಟಿನಿಂದ ಕಿವಿ ಕೇಳಿಸದ ನನ್ನ ಅಣ್ಣ ಮಳೆಗಾಲದುದ್ದಕ್ಕೂ ಅನ್ನ, ನಿದ್ದೆ ಎರಡೂ ಸೇರದೆ ಕಂಗೆಟ್ಟಿದ್ದರಿಂದ ಅವನನ್ನು ಕಾರವಾರದ ಆಸ್ಪತ್ರೆಯೊಂದರ ಮನೋವೈದ್ಯರ ಬಳಿ ಕರೆದೊಯ್ದಿದ್ದೆ. ಪ್ರಶ್ನೆಗಳೆಲ್ಲ ನನ್ನ ಕಡೆಗೇ ಬಂದವು. ತಂಗಿಯ ಎದುರು ಹೇಳಲಾಗದ್ದನ್ನು ನುಂಗಿಕೊಂಡು ಅವನು ತಲೆ ತಗ್ಗಿಸಿ ಕುಳಿತ.

ತಾಯಿಯ ಔಷಧ ಚೀಟಿ ಹಿಡಿದು ಬಾಗಿಲ ಬಳಿ ಸರದಿ ಕಾಯುತ್ತಿದ್ದ ನೀವು ನಮ್ಮ ಕೈಸನ್ನೆಗಳನ್ನು ಕಂಡು ಎದ್ದು ಬಂದಿರಿ. ಮಾಸ್ಕ್ ಇಳಿಸಿ ಮುಖ ಕಾಣುವಂತೆ ನಿಂತು, ನನ್ನನ್ನಲ್ಲ, ಅಣ್ಣನನ್ನೇ ಸನ್ನೆ ಭಾಷೆಯಲ್ಲಿ ಮಾತನಾಡಿಸಿದಿರಿ. ಅವನು ಒಪ್ಪಿದ ಮೇಲೆ ವೈದ್ಯರನ್ನು ಕೇಳಿ ಒಳಗೆ ಕುಳಿತಿರಿ. ಕಿಟಕಿಯ ಬೆಳಕು ಬೆನ್ನಿಗಿದ್ದರೆ ನಿಮ್ಮ ಕೈಗಳು ಅವನಿಗೆ ಸರಿಯಾಗಿ ಕಾಣುವುದಿಲ್ಲವೆಂದು ಕುರ್ಚಿಯನ್ನು ತಿರುಗಿಸಿಕೊಂಡಿರಿ. ಬಳಿಕ ನನ್ನ ಕಡೆ ನೋಡಿ, "ಅಕ್ಕಾ, ನೀವು ಸ್ವಲ್ಪ ಹೊರಗಿರಿ" ಎಂದಿರಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಟ್ಟಿದ್ದರೂ, ಮನೆಯವರೇ ದುಭಾಷಿಗಳಾಗಬೇಕಾದ ಅಣ್ಣನಂಥವರಿಗೆ ಅದು ಸುಲಭವಾಗಿ ದಕ್ಕುವುದಿಲ್ಲ. ಅಂದು ಅವನಿಗೆ ದಕ್ಕಿತು. ಹೊರಬಂದಾಗ ಅವನ ಕಣ್ಣು ಕೆಂಪಾಗಿತ್ತು, ಹೆಗಲು ಹಗುರಾಗಿತ್ತು. ನನಗೂ ಉಸಿರು ತಿರುಗಿದಂತಾಯಿತು.

ಅಷ್ಟರಲ್ಲಿ ನಿಮ್ಮ ಸರದಿ ತಪ್ಪಿತ್ತು. ಆದರೂ ನಿಂತು, ಕುಮಟಾದಲ್ಲಿರುವ ನಿಮ್ಮ ಕಿವುಡ ಗೆಳೆಯರೊಂದಿಗೆ ಅವನನ್ನು ವಿಡಿಯೋ ಕರೆಯಲ್ಲಿ ಪರಿಚಯಿಸಿದಿರಿ. ಚಿಕಿತ್ಸೆ ಮುಂದುವರಿದಿದೆ, ಸಂಜೆಯ ಆ ಕರೆಗಳೂ ಮುಂದುವರಿದಿವೆ. ನಿಮಗೆ ನಮ್ಮಿಬ್ಬರ ಹೃತ್ಪೂರ್ವಕ ಧನ್ಯವಾದಗಳು.