ಹಳೇ ಮಾತ್ರೆ ನಿಲ್ಲಿಸಿ ಅಂತ ಒಂದು ಮಾತು ಹೇಳಿ

ಮಾನ್ಯ ಸಂಪಾದಕರೇ,

2025ರ ಜೂನ್, ಜುಲೈನಲ್ಲಿ ಹಾಸನದ ಕಡೆಯಿಂದ ಹೃದಯಾಘಾತದ ಸುದ್ದಿ ಮೇಲಿಂದ ಮೇಲೆ ಬಂದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ತಪಾಸಣೆಗೆ ಸಾಲುಗಟ್ಟಿ ನಿಂತಿದ್ದು ನಿಮಗೆ ನೆನಪಿರಬಹುದು. ಆಗ ಪತ್ರಿಕೆಗಳೆಲ್ಲ ಇಸಿಜಿ, ಸ್ಟೆಂಟು, ಕೊಲೆಸ್ಟ್ರಾಲ್ ಬಗ್ಗೆ ಪುಟಗಟ್ಟಲೆ ಬರೆದವು. ಒಳ್ಳೇದೇ. ಆದರೆ ತಪಾಸಣೆ ಮುಗಿಸಿ ಮನೆಗೆ ಬಂದ ಮೇಲೆ ವರ್ಷಗಟ್ಟಲೆ ದಿನಾ ನುಂಗುವ ಮಾತ್ರೆಗಳ ಬಗ್ಗೆ ಅಷ್ಟು ಬರೆದವರು ಕಡಿಮೆ. ಅದರಲ್ಲೂ ಡಾಕ್ಟರು ಒಂದು ಮಾತ್ರೆಯನ್ನು ಇನ್ನೊಂದಕ್ಕೆ ಬದಲಾಯಿಸಿದಾಗ ಮನೆಯಲ್ಲಿ ಏನೆಲ್ಲ ಆಗುತ್ತದೆ ಅನ್ನುವುದು ಯಾರ ಗಮನಕ್ಕೂ ಬಂದ ಹಾಗಿಲ್ಲ. ನನಗೆ ಆದದ್ದನ್ನೇ ಬರೆಯುತ್ತೇನೆ.

ನಾನು ತಿಪಟೂರಿನವಳು, ಹೈಸ್ಕೂಲು ಟೀಚರ್, ವಯಸ್ಸು 57. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಚಟ್ನಿಗೆ ಕಾಯಿ ತುರಿಯುತ್ತಾ ಕೂತಿದ್ದಾಗ ಎದೆ ಇದ್ದಕ್ಕಿದ್ದಂತೆ ಡವಡವ ಅಂತ ಶುರುವಾಯಿತು. ಓಡಿ ಬಂದಾಗ ಆಗುವ ಹಾಗಲ್ಲ, ತಾಳ ತಪ್ಪಿದ ಹಾಗೆ, ಎರಡು ಬಡಿತ ಒಟ್ಟಿಗೆ, ಆಮೇಲೆ ಒಂದು ಖಾಲಿ, ಮತ್ತೆ ನಾಲ್ಕು ಒಂದರ ಮೇಲೊಂದು. ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಏಟ್ರಿಯಲ್ ಫಿಬ್ರಿಲೇಶನ್ ಅಂದರು. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಸುಮ್ನೆ ನಡುಗುತ್ತಾ ಇರುತ್ತವಂತೆ, ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ ಹೊಡೆಯುವ ಭಯ. ಹೆಪ್ಪುಗಟ್ಟದ ಹಾಗೆ ಒಂದು ಮಾತ್ರೆ, ಬಡಿತದ ವೇಗ ಇಳಿಸುವುದಕ್ಕೆ ಮೆಟೊಪ್ರೊಲಾಲ್ 50 ಅಂತ ಇನ್ನೊಂದು. ಈ ಎರಡನೆಯದೇ ಬೀಟಾ ಬ್ಲಾಕರ್ ಅನ್ನುವ ಗುಂಪಿನ ಔಷಧಿ. ಭಯ, ಸಿಟ್ಟು, ಆಯಾಸ ಆದಾಗ ಮೈಯಲ್ಲಿ ಏರುವ ಅಡ್ರಿನಲಿನ್ ಹೃದಯಕ್ಕೆ ತಟ್ಟದ ಹಾಗೆ ಇದು ತಡೆಯುತ್ತದೆ.

ಈ ಔಷಧಿಯನ್ನು ದೂರುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಈ ಗುಂಪಿನ ಪ್ರೊಪ್ರನೊಲಾಲ್ ಅನ್ನು 1960ರ ದಶಕದಲ್ಲಿ ಕಂಡುಹಿಡಿದ ಸರ್ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಎಷ್ಟೋ ಜೀವ ಉಳಿಸಿದ ಮಾತ್ರೆ ಇದು. ನನಗೂ ಎರಡೇ ದಿನದಲ್ಲಿ ಎದೆ ಬಡಿತ 150ರಿಂದ 80ಕ್ಕೆ ಇಳಿಯಿತು.

ಆದರೆ ಒಂದು ತಿಂಗಳಿಗೆ ಬೇರೆ ಕಷ್ಟ ಶುರುವಾಯಿತು. ಸ್ಕೂಲಿನ ಮಹಡಿ ಮೆಟ್ಟಿಲು ಹತ್ತಿದರೆ ಕಾಲು ಎಳೆದ ಹಾಗೆ. ಬೆರಳ ತುದಿಗಳು ಬೇಸಿಗೆಯಲ್ಲೂ ತಣ್ಣಗೆ. ರಾತ್ರಿ ಕೆಟ್ಟ ಕೆಟ್ಟ ಕನಸು. ಒಂದೇ ಕನಸು ಬಾವಿಕಟ್ಟೆಯ ಹತ್ತಿರ ಶುರುವಾಗಿ, ಕಿರುಚಿಕೊಂಡು ಏಳುವವರೆಗೂ ಬಿಡುತ್ತಿರಲಿಲ್ಲ, ನಮ್ಮ ಯಜಮಾನರು ಲೈಟ್ ಹಾಕಿ ನೀರು ಕೊಟ್ಟು ಕೂರುತ್ತಿದ್ದರು. ವಯಸ್ಸಾಯಿತು, ಮುಟ್ಟು ನಿಂತ ಕಾಲ, ಅದಕ್ಕೇ ಹೀಗೆ ಅಂದುಕೊಂಡೆ. ಡಾಕ್ಟರ ಹತ್ತಿರ ಕನಸಿನ ವಿಷಯ ಹೇಳುವುದಕ್ಕೆ ನಾಚಿಕೆ ಆಯಿತು. ಹೃದಯದ ಡಾಕ್ಟರಿಗೆ ಕನಸು ಹೇಳೋದಾ ಅಂತ. ಅದು ಮಾತ್ರೆಯಿಂದಲೂ ಬರುತ್ತದೆ ಅಂತ ತಿಳಿದಿದ್ದು ಆಮೇಲೆ. ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಇವು ಕೊಬ್ಬಿನಲ್ಲಿ ಕರಗುವ ಜಾತಿ, ಮೆದುಳಿನ ಒಳಗೂ ಹೋಗುತ್ತವೆ, ಹಾಗಾಗಿ ಕೆಲವರಿಗೆ ನಿದ್ದೆ ಕೆಡುತ್ತದೆ. ಅಟೆನೊಲಾಲ್ ನೀರಿನಲ್ಲಿ ಕರಗುವಂಥದ್ದು, ಮೆದುಳಿಗೆ ಹೋಗುವುದು ತೀರಾ ಕಡಿಮೆ. ಬಿಸೊಪ್ರೊಲಾಲ್ ಎರಡರ ಮಧ್ಯೆ. ಜೊತೆಗೆ ಮೆಟೊಪ್ರೊಲಾಲ್ ಅನ್ನು ಕರಗಿಸಿ ಹೊರಹಾಕುವ ಲಿವರಿನ ಶಕ್ತಿ ಹುಟ್ಟಿನಿಂದಲೇ ಕೆಲವರಿಗೆ ಕಡಿಮೆ ಇರುತ್ತದಂತೆ. ಅಂಥವರಿಗೆ ಅದೇ 50 ಬೇರೆಯವರಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಖಿನ್ನತೆಗೆ ಕೊಡುವ ಫ್ಲುಆಕ್ಸೆಟೀನ್, ಪರಾಕ್ಸೆಟೀನ್ ಜೊತೆಯಲ್ಲಿ ತಗೊಂಡರೂ ಹಾಗೇ ಏರುತ್ತದೆ.

ಇದೆಲ್ಲ ಗೊತ್ತಿಲ್ಲದೆ ನಾನು ಮೊದಲನೇ ತಪ್ಪು ಮಾಡಿದೆ. ಅಕ್ಕನ ಮಗಳ ಮದುವೆಗೆ ಮೂರು ದಿನ ಹೋಗಬೇಕಿತ್ತು. ಮದುವೆ ಮನೆಯಲ್ಲಿ ಎಲ್ಲರ ಜೊತೆ ಮಲಗಿ ರಾತ್ರಿ ಕಿರುಚಿದರೆ ಏನು ಗತಿ ಅಂತ ಮಾತ್ರೆ ನಿಲ್ಲಿಸಿಬಿಟ್ಟೆ. ಬಡಿತ ಸರಿಯಾಗಿದೆಯಲ್ಲ, ಮೂರು ದಿನಕ್ಕೆ ಏನಾಗುತ್ತದೆ ಅಂತ. ಮೂರನೇ ದಿನ ಧಾರೆ ಹೊತ್ತಿಗೆ ಎದೆ 140 ಹೊಡೆಯುತ್ತಿತ್ತು. ಬಾಗಿಲನ್ನು ಒಳಗಿಂದ ಒತ್ತಿ ಹಿಡಿದವರು ಒಮ್ಮೆಲೇ ಕೈಬಿಟ್ಟರೆ ಹೊರಗೆ ತಳ್ಳುತ್ತಿದ್ದವರೆಲ್ಲ ಒಳಗೆ ಬೀಳುತ್ತಾರಲ್ಲ, ಹಾಗೆ ಅಂತ ಅಲ್ಲಿನ ಡಾಕ್ಟರು ಹೇಳಿದರು. ತಿಂಗಳುಗಟ್ಟಲೆ ತಡೆದಿಟ್ಟಾಗ ಹೃದಯ ಅಡ್ರಿನಲಿನ್ ಹಿಡಿಯುವ ಜಾಗಗಳನ್ನು ಹೆಚ್ಚು ಮಾಡಿಕೊಂಡಿರುತ್ತದೆ. ತಡೆ ತಟ್ಟನೆ ಹೋದರೆ ಅಷ್ಟೂ ಒಟ್ಟಿಗೆ ಬಂದು ಬಡಿಯುತ್ತದೆ. ರಕ್ತನಾಳ ಕಟ್ಟಿಕೊಂಡಿರುವವರಿಗೆ ಇದರಿಂದ ಎದೆನೋವು, ಹೃದಯಾಘಾತವೇ ಆಗಬಹುದು. ನಿಲ್ಲಿಸಲೇಬೇಕಾದರೆ ಡಾಕ್ಟರು ಒಂದೆರಡು ವಾರ ಹಿಡಿದು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಇದನ್ನು ಓದುತ್ತಿರುವ ಯಾರಾದರೂ ಮಾತ್ರೆ ಒಗ್ಗುತ್ತಿಲ್ಲ ಅಂತ ಸಿಟ್ಟಾಗಿದ್ದರೆ ದಯವಿಟ್ಟು ನಾನು ಮಾಡಿದ ಹಾಗೆ ಮಾಡಬೇಡಿ. ಕನಸಾಗಲಿ, ಸುಸ್ತಾಗಲಿ, ಗಂಡಸರು ಹೇಳಿಕೊಳ್ಳಲು ಹಿಂಜರಿಯುವ ಆ ಒಂದು ತೊಂದರೆಯಾಗಲಿ, ಡಾಕ್ಟರ ಎದುರು ಬಾಯಿಬಿಟ್ಟು ಹೇಳಿ. ಈ ಗುಂಪಿನಲ್ಲಿ ಬೇರೆ ಬೇರೆ ಮಾತ್ರೆ ಇವೆ, ಒಂದು ಒಗ್ಗದಿದ್ದರೆ ಇನ್ನೊಂದು ಒಗ್ಗಬಹುದು.

ಈಗ ನಾನು ಈ ಪತ್ರ ಬರೆಯುವುದಕ್ಕೆ ಕಾರಣವಾದ ವಿಷಯಕ್ಕೆ ಬರುತ್ತೇನೆ.

ಮದುವೆ ಗಲಾಟೆ ಮುಗಿದ ಮೇಲೆ ದೊಡ್ಡ ಆಸ್ಪತ್ರೆಯೊಂದಕ್ಕೆ ತೋರಿಸಿದೆವು. ಅಲ್ಲಿ ಎಲ್ಲ ಹೇಳಿಕೊಂಡೆ, ಕನಸಿನ ಸಮೇತ. ಡಾಕ್ಟರು ಕೇಳಿಸಿಕೊಂಡರು, ಒಳ್ಳೆಯವರೇ, ಆದರೆ ಹೊರಗೆ ಅರವತ್ತು ಜನ ಕಾಯುತ್ತಿದ್ದರು. ಚೀಟಿಯಲ್ಲಿ ಬಿಸೊಪ್ರೊಲಾಲ್ 2.5 ಅಂತ ಬರೆದು, "ಇದು ತಗೊಳ್ಳಿ, ನಿದ್ದೆ ಸರಿಹೋಗುತ್ತೆ" ಅಂದರು. ಇದು ಅದರ ಬದಲಿಗೆ ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ನಿದ್ದೆಗೆ ಅಂತ ಒಂದು ಹೊಸ ಮಾತ್ರೆ ಸೇರಿಸಿದ್ದಾರೆ ಅಂತಲೇ ನಮ್ಮಿಬ್ಬರಿಗೂ ಅರ್ಥವಾದದ್ದು.

ನಮ್ಮ ಮನೆಯಲ್ಲಿ ಮಾತ್ರೆ ಇಡುವುದು ಹಳೇ ಒಗ್ಗರಣೆ ಡಬ್ಬಿಯಲ್ಲಿ. ಸ್ಟೀಲಿನದು, ಒಳಗೆ ಏಳು ಬಟ್ಟಲು, ವಾರಕ್ಕೆ ಏಳು ದಿನ. ಭಾನುವಾರ ರಾತ್ರಿ ಯಜಮಾನರು ಕನ್ನಡಕ ಹಾಕಿಕೊಂಡು ಒಂದೊಂದು ಬಟ್ಟಲಿಗೂ ಆ ದಿನದ ಮಾತ್ರೆ ಹಾಕಿ ಇಡುತ್ತಾರೆ. ಆ ವಾರ ಪ್ರತಿ ಬಟ್ಟಲಿಗೂ ಹಳೇ ಬಿಳಿ ಮಾತ್ರೆ ಒಂದು, ಹೊಸ ಪುಟ್ಟ ಮಾತ್ರೆ ಒಂದು ಬಿತ್ತು. 50 ಎಲ್ಲಿ, 2.5 ಎಲ್ಲಿ, ಹೊಸದು ಪಾಪ ಸಣ್ಣ ಪವರಿನದು ಅಂತ ಬೇರೆ ಮಾತಾಡಿಕೊಂಡೆವು. ಅದು ದೊಡ್ಡ ತಪ್ಪು ತಿಳಿವಳಿಕೆ. ಬಿಸೊಪ್ರೊಲಾಲ್ ಬರುವುದೇ 1.25, 2.5, 5, 10ರಂಥ ಸಣ್ಣ ಅಂಕಿಗಳಲ್ಲಿ. ಬೇರೆ ಬೇರೆ ಮಾತ್ರೆಗಳ ಅಂಕಿಯನ್ನು ಪಕ್ಕಪಕ್ಕ ಇಟ್ಟು ತೂಗುವ ಹಾಗೇ ಇಲ್ಲ.

ಗುರುವಾರ ಬೆಳಗ್ಗೆ ಎಂಟನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಸಾಲಿನ ಮಧ್ಯದಲ್ಲಿ ಕಣ್ಣು ಕತ್ತಲೆ ಬಂತು. ಸೀಮೆಸುಣ್ಣ ಕೈಯಿಂದ ಬಿದ್ದಿದ್ದು ಗೊತ್ತು, ಆಮೇಲೆ ಮುಂದಿನ ಬೆಂಚಿನ ಇಬ್ಬರು ಹುಡುಗಿಯರು ನನ್ನ ತೋಳು ಹಿಡಿದು ಕುರ್ಚಿಗೆ ಕೂರಿಸುತ್ತಿದ್ದದ್ದು ಗೊತ್ತು. ಆಸ್ಪತ್ರೆಯಲ್ಲಿ ನೋಡಿದರೆ ಪಲ್ಸ್ 44, ಬಿಪಿ 90. ನರ್ಸಮ್ಮ ಒಬ್ಬರು "ಏನೇನು ಮಾತ್ರೆ ತಗೊಳ್ತೀರಮ್ಮ, ಎಲ್ಲ ತರಿಸಿ" ಅಂದರು. ಯಜಮಾನರು ಡಬ್ಬಿ, ಸ್ಟ್ರಿಪ್ಪು ಎಲ್ಲ ಚೀಲದಲ್ಲಿ ತಂದರು. ಆ ನರ್ಸಮ್ಮ ಎರಡು ಸ್ಟ್ರಿಪ್ ತಿರುಗಿಸಿ ಹಿಡಿದು, ಸಣ್ಣ ಅಕ್ಷರದಲ್ಲಿದ್ದ ಹೆಸರಿನ ಕೊನೆಗೆ ಉಗುರು ಒತ್ತಿ ತೋರಿಸಿದರು. "ನೋಡಿ ಸಾರ್, ಇದೂ ಲಾಲ್, ಇದೂ ಲಾಲ್. ಎರಡೂ ಒಂದೇ ಕೆಲಸ ಮಾಡೋವು." ನಮ್ಮ ಯಜಮಾನರು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಅವರ ಕೈಯಾರೆ ಹಾಕಿಕೊಟ್ಟ ಮಾತ್ರೆ, ಅದು ಅವರಿಗೆ ಈಗಲೂ ಮನಸ್ಸಿಗೆ ಹತ್ತಿಕೊಂಡಿದೆ. ತಪ್ಪು ಅವರದಲ್ಲ, ಅಲ್ವಾ? ಹೇಳಬೇಕಾದವರು ಹೇಳಲಿಲ್ಲ ಅಷ್ಟೇ.

ಹಳೇದು ಪೂರ್ತಿ ನಿಲ್ಲಿಸಿ ಹೊಸದೊಂದನ್ನೇ ಮುಂದುವರಿಸಿದರು. ತಟ್ಟನೆ ನಿಲ್ಲಿಸಬಾರದು ಅಂದಿದ್ದರಲ್ಲ ಅಂತ ನನಗೆ ಭಯವಾಗಿ ಕೇಳಿದೆ. ಅದೇ ಗುಂಪಿನ ಇನ್ನೊಂದು ಮಾತ್ರೆ ಮೈಯಲ್ಲಿರುವಾಗ ತಡೆ ಹಾಗೇ ಇರುತ್ತದೆ, ಹಾಗಾಗಿ ಬದಲಿಸುವುದು ಬೇರೆ, ಬಿಡುವುದು ಬೇರೆ ಅಂದರು. ಈ ಒಂದು ಮಾತನ್ನು ಮೊದಲೇ ಯಾರಾದರೂ ಹೇಳಿದ್ದರೆ ನಾನು ಮಕ್ಕಳ ಮುಂದೆ ಬೀಳುತ್ತಿರಲಿಲ್ಲ. ಈಗ ಕನಸು ಹೋಗಿದೆ. ಬೆರಳು ಇನ್ನೂ ಸ್ವಲ್ಪ ತಣ್ಣಗಿರುತ್ತದೆ, ಅದನ್ನು ತಡೆದುಕೊಳ್ಳಬಹುದು.

ಆ ನರ್ಸಮ್ಮ ಹೇಳಿದ "ಲಾಲ್" ಅನ್ನು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಅಟೆನೊಲಾಲ್, ಪ್ರೊಪ್ರನೊಲಾಲ್, ನೆಬಿವೊಲಾಲ್, ಹೆಸರಿನ ಬಾಲ ಒಂದೇ. ಕಾರ್ವೆಡಿಲಾಲ್ ಕೂಡ ಇದೇ ಮನೆಯದು. ಮೇಲೆ ದೊಡ್ಡದಾಗಿ ಬರೆದ ಕಂಪನಿ ಹೆಸರು ನೋಡಿದರೆ ಗೊತ್ತಾಗುವುದಿಲ್ಲ, ಕೆಳಗಿನ ಸಣ್ಣ ಅಕ್ಷರ ನೋಡಬೇಕು. ಜನೌಷಧಿ ಅಂಗಡಿಯಲ್ಲಿ ಔಷಧಿಯ ಮೂಲ ಹೆಸರಿನಲ್ಲೇ ಕೊಡುತ್ತಾರೆ, ಮನೆಯಲ್ಲಿ ಅದೇ ಔಷಧಿ ಕಂಪನಿ ಹೆಸರಿನಲ್ಲಿ ಇರುತ್ತದೆ, ಎರಡನ್ನೂ ನುಂಗುವವರಿದ್ದಾರೆ. ಬಿಪಿಗೆ ಕೊಡುವ ಜೋಡಿ ಮಾತ್ರೆಗಳಲ್ಲಿ ಆಮ್ಲೊಡಿಪಿನ್ ಜೊತೆ ಅಟೆನೊಲಾಲ್ ಸೇರಿರುವುದು ಉಂಟು. ನಮ್ಮ ಅತ್ತೆಯವರು ಗ್ಲಕೋಮಾಗೆ ಹಾಕಿಕೊಳ್ಳುವ ಕಣ್ಣಿನ ಡ್ರಾಪ್ಸ್ ನೋಡಿದೆ, ಟಿಮೊಲಾಲ್! ಅದೂ ಬೀಟಾ ಬ್ಲಾಕರೇ, ಕಣ್ಣಿನಿಂದ ಮೈಗೆ ಇಳಿದು ಕೆಲವರಲ್ಲಿ ನಾಡಿ ನಿಧಾನ ಮಾಡುತ್ತದೆ, ಉಬ್ಬಸ ಇರುವವರಿಗೆ ತೊಂದರೆ ಕೊಡುತ್ತದೆ. ಹೃದಯದ ಡಾಕ್ಟರ ಹತ್ತಿರ ಹೋಗುವಾಗ ಕಣ್ಣಿನ ಡ್ರಾಪ್ಸನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ.

ಇನ್ನೊಂದು. ಮೆಟೊಪ್ರೊಲಾಲ್‌ನಲ್ಲೇ ಎರಡು ಥರ ಇದೆ. ಸಕ್ಸಿನೇಟ್ ಅನ್ನುವುದು ನಿಧಾನವಾಗಿ ಬಿಡುಗಡೆಯಾಗುತ್ತಾ ಇಡೀ ದಿನ ಕೆಲಸ ಮಾಡುವಂಥದ್ದು, ದಿನಕ್ಕೆ ಒಂದೇ ಸಲ, ಪುಡಿ ಮಾಡಬಾರದು, ಅಗಿಯಬಾರದು. ಟಾರ್ಟ್ರೇಟ್ ಬೇಗ ಮುಗಿದುಹೋಗುತ್ತದೆ, ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಬೇಕು. ಅಂಗಡಿಯವರು "ಅದೇ ಮೇಡಂ, ಎರಡೂ ಒಂದೇ" ಅಂತ ಒಂದರ ಬದಲು ಇನ್ನೊಂದು ಕೊಟ್ಟರೆ ತಗೊಳ್ಳಬೇಡಿ. ಸಕ್ಕರೆ ಕಾಯಿಲೆಯವರು ಇನ್ನೂ ಹುಷಾರಾಗಿರಬೇಕು. ಶುಗರ್ ಇಳಿದಾಗ ಆಗುವ ಎದೆ ಡವಡವ, ಕೈ ನಡುಕವನ್ನು ಈ ಮಾತ್ರೆ ಮುಚ್ಚಿಬಿಡುತ್ತದೆ, ಬೆವರು ಮಾತ್ರ ಬರುತ್ತದೆ. ಬೆವರಿದರೆ ಶುಗರ್ ನೋಡಿಕೊಳ್ಳಿ.

ಸಂಪಾದಕರೇ, ನಿಮ್ಮ ಮೂಲಕ ನಾನು ಕೇಳುವುದು ಇಷ್ಟೇ. ಮಾತ್ರೆ ಬದಲಿಸಿದಾಗ ಚೀಟಿಯ ಮೇಲೆ ಒಂದು ಸಾಲು ಕನ್ನಡದಲ್ಲಿ ಬರೆಯಲಿ: "ಇದು ಇಂಥ ಮಾತ್ರೆಯ ಬದಲಿಗೆ, ಹಳೇದು ಇಂಥ ದಿನದಿಂದ ಬೇಡ." ಔಷಧಿಯ ಮೂಲ ಹೆಸರನ್ನು ಓದಲು ಬರುವಂತೆ, ಆದಷ್ಟೂ ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರದಲ್ಲಿ ಬರೆಯಬೇಕು ಅಂತ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಂದಿತ್ತು. ಡಾಕ್ಟರಿಗೆ ಪುರುಸೊತ್ತಿಲ್ಲ ಅಂದರೆ ಅರ್ಥವಾಗುತ್ತದೆ, ಅರವತ್ತು ಜನ ಕಾಯುತ್ತಿರುತ್ತಾರೆ. ಹಾಗಾದರೆ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ, ಊರಿನ ಮೆಡಿಕಲ್ ಶಾಪಿನಲ್ಲಿ ಕೂತವರು ಓದಿರುವುದೇ ಅದನ್ನಲ್ಲವೇ? "ಮೊದಲು ಏನು ತಗೊಳ್ತಿದ್ರಿ?" ಅಂತ ಕೇಳುವುದಕ್ಕೆ ಅರ್ಧ ನಿಮಿಷ ಸಾಕು.

ಅಡ್ಡಪರಿಣಾಮ ಆದರೆ ರೋಗಿಗಳೇ ನೇರವಾಗಿ ತಿಳಿಸುವುದಕ್ಕೆ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-180-3024. ಔಷಧಿಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡುವ ಭಾರತೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಅಂತ 2010ರಿಂದ ನಡೆಯುತ್ತಿದೆ, ತಿಳಿಸುವ ಫಾರಂ ಕನ್ನಡದಲ್ಲೂ ಇದೆ. ಇದನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ನೀವು ವಾರಕ್ಕೊಮ್ಮೆ ಆರೋಗ್ಯದ ಪುಟದ ಮೂಲೆಯಲ್ಲಿ ಆ ನಂಬರನ್ನು ಹಾಕಿದರೆ ಎಷ್ಟೋ ಜನರ ಕೈಗೆ ಸಿಗುತ್ತದೆ. ಹಾಕುತ್ತೀರಿ ಅಂತ ನಂಬಿದ್ದೇನೆ.

ಇಂತಿ,
ನಿಮ್ಮ ಓದುಗಳಾದ ಒಬ್ಬ ಹೈಸ್ಕೂಲು ಶಿಕ್ಷಕಿ,
ತಿಪಟೂರು