ರಿಕಿ ಮಾರ್ಟಿನ್ ಹಾಡು: ಬ್ಯಾಂಡ್‌ನವನೊಬ್ಬನ ಮಾತು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ವಿಶ್ವಕಪ್ ಫುಟ್‌ಬಾಲ್ ಹಾಡುಗಳ ಬಗ್ಗೆ ಬಂದ ಲೇಖನ ಓದಿದೆ. ಈ ಹಾಡುಗಳು ಕೆಟ್ಟಿದ್ದೇ 1998ರ ವಿಶ್ವಕಪ್‌ಗೆ ಹಾಡಿದ ಪೋರ್ಟೋರಿಕೋ ದ್ವೀಪದ ಗಾಯಕ ರಿಕಿ ಮಾರ್ಟಿನ್‌ನಿಂದ, ಅಲ್ಲಿಂದಾಚೆ ಬರೀ ತುತ್ತೂರಿ, ಡ್ರಮ್ಮು, ಕೂಗಾಟ ಅಂತ ಬರೆದವರು ಒಂದೇ ಸಾಲಲ್ಲಿ ತಳ್ಳಿಹಾಕಿದ್ದಾರೆ. ನಾನು ಬೆಂಗಳೂರಿನಲ್ಲಿ ಮದುವೆ, ಮೆರವಣಿಗೆಗಳ ಬ್ಯಾಂಡ್ ಸೆಟ್‌ನಲ್ಲಿ ಟ್ರಂಪೆಟ್ ಊದಿಕೊಂಡೇ ಸಂಸಾರ ಸಾಗಿಸಿದವನು. ತುತ್ತೂರಿಯನ್ನು ಬೈದರೆ ಸುಮ್ನಿರೋಕಾಗುತ್ತಾ?

ಮೊದಲು ಒಂದು ವಿಷಯ. ಆ ಸಲ ಫ್ರಾನ್ಸ್‌ನಲ್ಲಿ ಇದ್ದಿದ್ದು ಒಂದೇ ಹಾಡಲ್ಲ. ಟೂರ್ನಿಯ ಗೀತೆ ಅಂತ ಮಾಡಿಸಿದ್ದು ಸೆನೆಗಲ್‌ನ ಯೂಸು ಎನ್‌ದೂರ್ ಮತ್ತು ಬೆಲ್ಜಿಯಂನ ಆಕ್ಸೆಲ್ ರೆಡ್ ಹಾಡಿದ್ದನ್ನು. ಇಬ್ಬರೂ ದೊಡ್ಡ ಗಾಯಕರೇ, ಅನುಮಾನ ಇಲ್ಲ. ಆದರೆ ಜನ ಹಿಡಿದುಕೊಂಡಿದ್ದು ರಿಕಿ ಮಾರ್ಟಿನ್‌ನ ‘ಲಾ ಕೋಪಾ ದೆ ಲಾ ವೀದಾ’ವನ್ನು. ಸ್ಪ್ಯಾನಿಷ್‌ನಲ್ಲೂ ಬಂತು, ಇಂಗ್ಲಿಷ್‌ನಲ್ಲೂ ಬಂತು, ಎರಡನ್ನೂ ಬೆರೆಸಿದ್ದೂ ಬಂತು. ನಮ್ಮ ಸೆಟ್‌ನವರಿಗೆ ಇದರಲ್ಲಿ ಯಾವುದರ ಅರ್ಥವೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಅದು ಯಾಕೆ ಹಾಗೆ ಹಿಡಿಸಿತು ಅಂತ ಊದುವವನ ಕಡೆಯಿಂದ ಹೇಳ್ತೀನಿ. ಮೆರವಣಿಗೆಯಲ್ಲಿ ನಾವು ನಡೀತಾ ಊದಬೇಕು. ಕುದುರೆ ಮೇಲೆ ಮದುಮಗ, ಮುಂದೆ ಕುಣಿಯೋ ಹುಡುಗರು, ಪಕ್ಕದಲ್ಲಿ ಬಸ್ಸಿನ ಹಾರ್ನ್. ಎಳೆದೆಳೆದು ಹಾಡೋ ಧಾಟಿಯಾದರೆ ಎರಡು ಬೀದಿ ದಾಟೋದರೊಳಗೆ ತುಟಿ ಸತ್ತುಹೋಗುತ್ತೆ. ಈ ಹಾಡು ತುಂಡು ತುಂಡಾಗಿದೆ. ಟ್ರಂಪೆಟ್ ಒಂದು ಚಿಕ್ಕ ಸಾಲು ಹೇಳಿ ಸುಮ್ಮನಾಗುತ್ತೆ, ಅದಕ್ಕೆ ಉತ್ತರ ‘ಅಲೆ ಅಲೆ ಅಲೆ’ (ಫ್ರೆಂಚ್‌ನಲ್ಲಿ ‘ನಡೀರಿ, ನಡೀರಿ’ ಅಂತ ಹುರಿದುಂಬಿಸೋ ಕೂಗು). ಆ ಉತ್ತರವನ್ನು ನಾವು ಊದೋದೇ ಬೇಡ, ಕುಣಿಯೋರೇ ಕೂಗ್ತಾರೆ. ಅಷ್ಟರಲ್ಲಿ ನಮಗೆ ಉಸಿರು ಸಿಕ್ಕಿರುತ್ತೆ. ಸೈಡ್ ಡ್ರಮ್ಮಿನವನಿಗಂತೂ ಹಬ್ಬ. ಬ್ರೆಜಿಲ್‌ನ ಸಾಂಬಾ ಡ್ರಮ್ಮಿನ ಓಟ ಅದು, ನಮ್ಮ ತಮಟೆ ಕೇಳಿ ಬೆಳೆದ ಕೈಗೆ ಬೇಗ ಕೂರುತ್ತೆ. ಕ್ರೀಡಾಂಗಣದಲ್ಲೂ ಆಗೋದು ಇದೇ ಅಲ್ವಾ? ಎಂಬತ್ತು ಸಾವಿರ ಜನ ಒಂದು ಚರಣ ಬಾಯಿಪಾಠ ಮಾಡ್ಕೊಂಡು ಬರಲ್ಲ. ಅವರಿಗೆ ಕೂಗೋಕೆ ಜಾಗ ಬಿಟ್ಟುಕೊಡಬೇಕು.

ಲೇಖನದಲ್ಲಿ ಇದನ್ನು ಬೆಳಗಾಗೋದರೊಳಗೆ ಕಟ್ಟಿದ ಗದ್ದಲ ಅನ್ನೋ ಹಾಗೆ ಬರೆದಿದ್ದಾರೆ. ಕಟ್ಟಿದವರು ಯಾರು ನೋಡಿ. ಡೆಸ್ಮಂಡ್ ಚೈಲ್ಡ್ ಅಮೆರಿಕದ ರಾಕ್ ತಂಡಗಳಿಗೆ ಹಿಟ್ ಮೇಲೆ ಹಿಟ್ ಬರೆದುಕೊಟ್ಟವರು, ಅವರ ತಾಯಿ ಕ್ಯೂಬಾದವರು. ರೋಬಿ ರೋಸಾ ಚಿಕ್ಕಂದಿನಲ್ಲಿ ಮಾರ್ಟಿನ್ ಜೊತೆ ಪೋರ್ಟೋರಿಕೋದ ಮೆನೂದೋ ಅನ್ನೋ ಹುಡುಗರ ತಂಡದಲ್ಲಿ ಹಾಡಿದವರು. ಮೂರನೆಯವರು ಸ್ಪೇನ್‌ನ ಲೂಯಿಸ್ ಗೋಮೆಜ್ ಎಸ್ಕೊಲಾರ್. ಮೂವರೂ ಪಳಗಿದ ಕೈಗಳೇ. ಆ ‘ಅಲೆ’ ಅಂತೂ ಮೊದಲಿಂದ ಫುಟ್‌ಬಾಲ್ ಗ್ಯಾಲರಿಗಳಲ್ಲಿ ಕೂಗೋ ಮಾತು. ಜನರದ್ದನ್ನೇ ತಗೊಂಡು ಜನರಿಗೇ ವಾಪಸ್ ಕೊಟ್ಟರು.

ಫೈನಲ್ ನಡೆದಿದ್ದು ಜುಲೈ 12ರಂದು, ಪ್ಯಾರಿಸ್ ಪಕ್ಕದ ಸೇಂಟ್ ಡೆನಿಯಲ್ಲಿ. ನಮಗೆ ಆಗಲೇ ಮಧ್ಯರಾತ್ರಿ ಕಳೆದಿತ್ತು. ಪಂದ್ಯಕ್ಕೆ ಮುಂಚೆ ಮಾರ್ಟಿನ್ ಹಾಡಿದ್ದ. ಆಮೇಲೆ ಫ್ರಾನ್ಸ್‌ನ ಜಿದಾನ್ ತಲೆಯಿಂದ ಎರಡು ಗೋಲು, ಕೊನೇಲಿ ಪೆಟಿ ಇನ್ನೊಂದು, ಬ್ರೆಜಿಲ್ 3-0ಯಲ್ಲಿ ಮಣ್ಣುಮುಕ್ಕಿತು. ನಾನು ಬ್ರೆಜಿಲ್ ಕಡೆ. ಅದರ ಸಂಕಟ ಬೇರೆ ಬಿಡಿ. ಮರುವರ್ಷ ಫೆಬ್ರವರಿಯಲ್ಲಿ ಅಮೆರಿಕದ ಗ್ರ್ಯಾಮಿ ಸಂಗೀತ ಪ್ರಶಸ್ತಿಯ ವೇದಿಕೆಯಲ್ಲಿ ಅದೇ ಹಾಡು. ವಾದ್ಯದವರು ಪ್ರೇಕ್ಷಕರ ನಡುವಿನಿಂದ ಬಾರಿಸ್ತಾ ನಡೆದು ಬಂದರು, ಥೇಟ್ ನಮ್ಮ ಹಾಗೆ! ಕೋಟು ಹಾಕಿಕೊಂಡು ಕೂತಿದ್ದ ದೊಡ್ಡವರೆಲ್ಲ ಎದ್ದು ನಿಂತರು. ಅಮೆರಿಕದಲ್ಲಿ ಲ್ಯಾಟಿನ್ ಪಾಪ್‌ಗೆ ಬಾಗಿಲು ತೆರೆದಿದ್ದು ಆ ರಾತ್ರಿ ಅಂತ ಈಗಲೂ ಹೇಳ್ತಾರೆ.

ಹಾಡಿನ ಹಣೆಬರಹ ಎಲ್ಲಾ ಕಡೆ ಚೆನ್ನಾಗಿತ್ತು ಅಂತಲ್ಲ. 2001ರಲ್ಲಿ ಜಾರ್ಜ್ ಬುಷ್ ಅಧಿಕಾರ ವಹಿಸಿಕೊಂಡ ಸಂಭ್ರಮದಲ್ಲೂ ಮಾರ್ಟಿನ್ ಇದನ್ನೇ ಹಾಡಿ, ಬುಷ್‌ರನ್ನೂ ಕುಣಿಸಿದ. ಜೊತೆಗೆ ಬರೆದಿದ್ದ ರೋಬಿ ರೋಸಾ ಬಹಿರಂಗವಾಗಿಯೇ ಸಿಟ್ಟಾದರು. ನನಗೂ ಅದು ಸರಿ ಕಾಣಲಿಲ್ಲ. ಆದರೆ ನಾವೂ ರಾಜಕೀಯದವರ ಮೆರವಣಿಗೆಗೆ ಊದಿದವರೇ, ಜಾಸ್ತಿ ಮಾತಾಡೋ ಹಾಗಿಲ್ಲ. ಇನ್ನೊಂದು ತಮಾಷೆ ಅಂದರೆ ಹಾಡಿದವನ ಪೋರ್ಟೋರಿಕೋ ಇವತ್ತಿನವರೆಗೂ ವಿಶ್ವಕಪ್ ಆಡಿಲ್ಲ. ನಮ್ಮದೂ ಅದೇ ಕಥೆ ತಾನೇ.

ನಂತರ ಬಂದ ಹಾಡುಗಳ ಬಗ್ಗೆ ಲೇಖಕರ ದೂರಿನಲ್ಲಿ ಅರ್ಧ ನಿಜ ಇದೆ. 2014ರಲ್ಲಿ ಬ್ರೆಜಿಲ್‌ನಲ್ಲಿ ಟೂರ್ನಿ ಇಟ್ಟುಕೊಂಡು ಅಮೆರಿಕದ ಪಿಟ್‌ಬುಲ್, ಜೆನಿಫರ್ ಲೋಪೆಜ್ ಕೈಗೆ ಹಾಡು ಕೊಟ್ಟರು. ಅಲ್ಲಿನವರೇ ಆದ ಕ್ಲಾಡಿಯಾ ಲೇಚಿಗೆ ಸಿಕ್ಕಿದ್ದು ಚೂರುಪಾರು. ನಮ್ಮ ಭಾಷೆ ಎಲ್ಲಿ ಅಂತ ಬ್ರೆಜಿಲ್‌ನವರು ಕೇಳಿದರು, ಕೇಳಬೇಕಾದ್ದೇ. ಅದೇ ಹಾಡಿಗೆ ಬ್ರೆಜಿಲ್‌ನದೇ ಊರಾದ ಸಾಲ್ವದೋರ್‌ನ ಒಲೋಡುಂ ಡ್ರಮ್ ತಂಡ ಸೇರಿದ ಇನ್ನೊಂದು ರೂಪ ಬಂತು, ನನಗೆ ಅದೇ ಮೇಲು. 2018ರ ರಷ್ಯಾದ ಹಾಡಲ್ಲಿ ಲ್ಯಾಟಿನ್ ಪಾಪ್‌ನ ನಿಕಿ ಜಾಮ್, ಹಾಲಿವುಡ್‌ನ ವಿಲ್ ಸ್ಮಿತ್, ಕೊಸೊವೊದ ಎರಾ ಇಸ್ಟ್ರೆಫಿ ಮೂವರೂ ಇದ್ದರು, ರಷ್ಯನ್ ಮಾತ್ರ ಒಂದಕ್ಷರ ಇರಲಿಲ್ಲ. ಅದನ್ನು ಬಾರಿಸಿ ಅಂತ ನಮ್ಮನ್ನು ಒಬ್ಬರೂ ಕೇಳಲಿಲ್ಲ. ಮೂರು ಮಾರುಕಟ್ಟೆಗೆ ಮೂರು ಮುಖ ಅಂತ ಲೆಕ್ಕ ಹಾಕಿ ಮಾಡಿದ್ದು ಅದು. ಇದಕ್ಕೆ ರಿಕಿ ಮಾರ್ಟಿನ್ ಏನು ಮಾಡ್ತಾನೆ ಹೇಳಿ?

ಇನ್ನು 2010ರ ದಕ್ಷಿಣ ಆಫ್ರಿಕಾ ವಿಶ್ವಕಪ್‌ನ ‘ವಾಕಾ ವಾಕಾ’. ಕೊಲಂಬಿಯಾದ ಗಾಯಕಿ ಶಕೀರಾ ಆಫ್ರಿಕಾದ ವೇಷ ಹಾಕಿದಳು ಅಂತ ಬರೆದು ಲೇಖಕರು ಅಲ್ಲಿಗೇ ಬಿಟ್ಟಿದ್ದಾರೆ. ಆ ಪಲ್ಲವಿ ಕ್ಯಾಮರೂನ್‌ನ ಗೋಲ್ಡನ್ ಸೌಂಡ್ಸ್ ತಂಡದ್ದು, 1986ರ ‘ಜಂಗಲೇವಾ’ ಹಾಡಿನದ್ದು. ಅವರು ಮಿಲಿಟರಿ ಡ್ರೆಸ್ ಹಾಕಿ, ಒಳಗೆ ದಿಂಬು ತುರುಕಿ, ಹೊಟ್ಟೆ ಉಬ್ಬಿಸಿಕೊಂಡು ದೊಡ್ಡ ಸಿಪಾಯಿಗಳನ್ನು ಅಣಕಿಸ್ತಾ ಕುಣೀತಿದ್ದರು. ಶಕೀರಾ ಜೊತೆ ಹಾಡಿದ ಫ್ರೆಶ್ಲಿಗ್ರೌಂಡ್ ದಕ್ಷಿಣ ಆಫ್ರಿಕಾದ ತಂಡ. ಈ ಎರಡು ಹೆಸರನ್ನಾದರೂ ಹಾಕಬೇಕಿತ್ತು. ವಾದ್ಯದವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಹೇಗೂ ಇರಲ್ಲ, ಪೇಪರಲ್ಲೂ ಬೇಡವೇ?

ಲೇಖನದಲ್ಲಿ ಕೊಟ್ಟ ನಿಮ್ಮ ಹಾಡುಗಳ ಪಟ್ಟಿ 1990ರ ಇಟಲಿಯಿಂದ ಶುರುವಾಗುತ್ತೆ. 1962ರಲ್ಲೇ ಚಿಲಿಯಲ್ಲಿ ಲಾಸ್ ರಾಂಬ್ಲರ್ಸ್ ಅನ್ನೋ ಅಲ್ಲಿಯದೇ ತಂಡ ‘ಎಲ್ ರಾಕ್ ದೆಲ್ ಮುಂದಿಯಾಲ್’ ಹಾಡಿತ್ತು. ಊರಿನ ಹುಡುಗರು ಊರಿನ ಟೂರ್ನಿಗೆ ಕಟ್ಟಿದ ಹಾಡು. ಮೊಮ್ಮಗ ಫೋನಲ್ಲಿ ಹಾಕಿ ಕೇಳಿಸಿದ, ಕಾಲು ತಾನಾಗೇ ಅಲ್ಲಾಡುತ್ತೆ. ಮುಂದಿನ ಸಲ ಪಟ್ಟಿ ಮಾಡುವಾಗ ಅಲ್ಲಿಂದ ಹಿಡಿಯಿರಿ.

ಇತಿ,
ನಿವೃತ್ತ ಟ್ರಂಪೆಟ್ ವಾದಕ,
ಕಲಾಸಿಪಾಳ್ಯ, ಬೆಂಗಳೂರು